ಐದು ಹೋಗಿ ನಾಲ್ಕು ಬಂದ ನೀರು

ಗಂಡನ ಎದೆಯಿಂದ ಬರುವ ಮೊದಲ ನೀರನ್ನು ತನಗೆ ತೋರಿಸಲೇಬೇಕು ಎಂದು ಹಗ್ಗದಕ್ಕ ಪಟ್ಟು ಹಿಡಿದಾಗ ಆಸ್ಪತ್ರೆಯವರು ಅವಳ ತಲೆ ಕೆಟ್ಟಿದೆ ಎಂದುಕೊಂಡರು. ತಲೆ ಸರಿಯಾಗಿಯೇ ಇತ್ತು. ಅದು ಅವಳ ಕಸುಬಿನ ಕಟ್ಟಳೆ.

ಗಂಡ ಹೆಂಡತಿ ಇಬ್ಬರದೂ ನೀರಿನ ಟ್ಯಾಂಕು ತೊಳೆಯುವ ಕೆಲಸ. ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಳಗಿಳಿಯುತ್ತಾನೆ. ಇವಳು ಹಗ್ಗದ ಇನ್ನೊಂದು ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಮೇಲೆ ಮುಚ್ಚಳದ ಪಕ್ಕ ಕೂರುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಆ ಹಗ್ಗವನ್ನು ಬೇರೆ ಯಾರ ಕೈಗೂ ಕೊಟ್ಟವಳಲ್ಲ. ಮಗಳು ಹುಟ್ಟಿದ ದಿನ ಬೆಳಿಗ್ಗೆ ಕೂಡ ಹಿಡಿದಿದ್ದಳಂತೆ. ನೋವು ಬಂದಾಗಲೆಲ್ಲ ಜಗ್ಗಿ ಗಂಡನನ್ನು ಏಳು ಸಲ ಸುಮ್ಮಸುಮ್ಮನೆ ಮೇಲೆತ್ತಿದಳಂತೆ. ಈ ‘ಅಂತೆ’ಗಳೆಲ್ಲ ಗಂಡನ ಬಾಯಿಂದಲೇ ಬಂದವು. ಬೀದಿಯಲ್ಲಿ ಅವನಿಗೆ ಬುರುಡೆ ಎಂದೇ ಹೆಸರು, ಆದ್ದರಿಂದ ಏಳರಲ್ಲಿ ನಾಲ್ಕು ಕಳೆದು ನಂಬಬಹುದು.

ಕಟ್ಟಳೆ ಏನೆಂದರೆ, ತಳದಿಂದ ಎತ್ತಿದ ಮೊದಲ ಬಕೆಟ್ಟನ್ನು ಮನೆಯವರಿಗೆ ತೋರಿಸಬೇಕು. ಅವರು ಮೂಗು ಮುಚ್ಚಿಕೊಂಡು ‘ಇಷ್ಟು ದಿನ ಇದನ್ನಾ ಕುಡಿದಿದ್ದು’ ಎನ್ನುವವರೆಗೂ ಎರಡನೆಯ ಬಕೆಟ್ಟು ಮೇಲೆ ಬರುವುದಿಲ್ಲ. ತೋರಿಸದೆ ತೊಳೆದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತು. ತೊಳೆದಾದ ಮೇಲೆ ಎಲ್ಲರ ಟ್ಯಾಂಕೂ ಮೊದಲಿನಿಂದಲೇ ಸ್ವಚ್ಛವಾಗಿರುತ್ತದೆ.

ಈಗ ತೊಳೆಯಬೇಕಾಗಿದ್ದದ್ದು ಬುರುಡೆಯ ಎಡ ಶ್ವಾಸಕೋಶವನ್ನು.

ಎರಡು ವರ್ಷದಿಂದ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಮೊದಲು ಏಣಿ ಹತ್ತುವಾಗ, ಆಮೇಲೆ ಇಳಿಯುವಾಗ, ಆಮೇಲೆ ಏಣಿಯನ್ನು ನೋಡಿದರೆ. ಒಬ್ಬ ಡಾಕ್ಟರು ಕ್ಷಯ ಎಂದರು, ಇನ್ನೊಬ್ಬರು ದಮ್ಮು ಎಂದರು, ಮತ್ತೊಬ್ಬರು ವಯಸ್ಸು ಎಂದರು. ವಯಸ್ಸಿಗೆ ಮಾತ್ರೆಯನ್ನೂ ಬರೆದುಕೊಟ್ಟರು. ಕೊನೆಗೆ ದೊಡ್ಡ ಆಸ್ಪತ್ರೆಯ ಶ್ವಾಸಕೋಶದ ಡಾಕ್ಟರಮ್ಮ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಹಗ್ಗದಕ್ಕನ ಕಡೆ ತಿರುಗಿದರು.

“ನಮ್ಮೆಲ್ಲರ ಶ್ವಾಸಕೋಶದಲ್ಲೂ ಸೋಪಿನ ನೊರೆ ಥರದ್ದು ಒಂದು ಇರತ್ತಮ್ಮ. ಗಾಳಿಗುಳ್ಳೆ ಮುದುಡಿಕೊಳ್ಳದೆ ಇರೋಕೆ ಅದು ಬೇಕು. ಹಳೇದನ್ನ ಗುಡಿಸಿ ಹಾಕೋಕೆ ಅಲ್ಲೇ ಜೀವಕಣಗಳಿರ್ತವೆ. ನಿಮ್ಮ ಯಜಮಾನರಲ್ಲಿ ಆ ಗುಡಿಸೋರು ಕೆಲಸ ನಿಲ್ಲಿಸಿದ್ದಾರೆ. ತುಂಬಿಕೊಂಡುಬಿಟ್ಟಿದೆ. ಗಾಳಿಗೆ ಜಾಗ ಇಲ್ಲ.”

“ಯಾಕೆ ನಿಲ್ಲಿಸಿದ್ರು?”

“ದೇಹಾನೇ ಅವರ ಕೈ ಕಟ್ಟಿಹಾಕಿದೆ. ಹತ್ತು ಲಕ್ಷ ಜನರಲ್ಲಿ ಏಳೆಂಟು ಮಂದಿಗೆ ಬರೋ ಕಾಯಿಲೆ.”

ಬುರುಡೆ ಮೂಗಿನ ಕೊಳವೆಯನ್ನು ಸರಿಮಾಡಿಕೊಂಡು ಹೆಂಡತಿಯ ಕಡೆ ತಿರುಗಿದ. “ಕೇಳಿದ್ಯೇನೆ... ಹತ್ತು ಲಕ್ಷಕ್ಕೆ...”

“ಕೇಳಿಸ್ತು. ಮಿಕ್ಕ ಆರು ಜನ ತೆಪ್ಪಗೆ ಮಲಗಿದ್ದಾರೆ. ನೀವೂ ಮಲಗಿ.”

ಇದಕ್ಕೆ ತೊಳೆಯುವುದೇ ದಾರಿ ಎಂದರು ಡಾಕ್ಟರಮ್ಮ. ಪ್ರಜ್ಞೆ ತಪ್ಪಿಸಿ ಮಲಗಿಸುವುದು, ಎರಡು ಬಾಯಿಯ ಕೊಳವೆಯೊಂದನ್ನು ಗಂಟಲೊಳಗೆ ಇಳಿಸಿ ಎರಡು ಶ್ವಾಸಕೋಶಗಳನ್ನು ಬೇರೆ ಮಾಡುವುದು. ಬಲಗಡೆಯದು ಉಸಿರಾಡುತ್ತಿರುತ್ತದೆ. ಎಡಗಡೆಯದಕ್ಕೆ ಬೆಚ್ಚಗಿನ ಉಪ್ಪುನೀರು ಒಂದು ಲೀಟರು ತುಂಬಿಸಿ, ಹೊರಗಿನಿಂದ ಎದೆ ತಟ್ಟಿ, ನೀರು ಇಳಿಸುವುದು. ಮತ್ತೆ ತುಂಬಿಸುವುದು, ಮತ್ತೆ ಇಳಿಸುವುದು. ತಿಳಿನೀರು ಬರುವವರೆಗೆ.

“ಎಷ್ಟು ನೀರು ಬೇಕಾಗತ್ತೆ?” ಹಗ್ಗದಕ್ಕ ಕೇಳಿದಳು.

“ಹದಿನೈದು ಲೀಟರ್. ಇಪ್ಪತ್ತೂ ಆಗಬಹುದು.”

“ಬ್ರಷ್ ಹಾಕಲ್ವಾ?”

“ಇಲ್ಲಮ್ಮ.”

“ಸರಿ. ಅಪಾಯ ಏನು?”

ಇದುವರೆಗೆ ಯಾವ ರೋಗಿಯ ಹೆಂಡತಿಯೂ ಬ್ರಷ್ಷಿನಿಂದ ಅಪಾಯಕ್ಕೆ ಇಷ್ಟು ಬೇಗ ಬಂದಿರಲಿಲ್ಲ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

“ಆ ಕೊಳವೆ ಒಂಚೂರು ಜರುಗಿದ್ರೂ ಈ ಕಡೆ ನೀರು ಆ ಕಡೆಗೆ ಸೋರತ್ತೆ. ಅವರ ಉಸಿರು ನಿಂತಿರೋದೇ ಆ ಕಡೆ ಮೇಲೆ. ಅದಕ್ಕೇ ಹೋದ ನೀರೆಷ್ಟು, ಬಂದ ನೀರೆಷ್ಟು ಅಂತ ಅಳೀತಾನೇ ಇರ್ತೀವಿ. ಜಾಸ್ತಿ ವ್ಯತ್ಯಾಸ ಬಂತೋ, ಅಲ್ಲಿಗೇ ನಿಲ್ಲಿಸಿಬಿಡ್ತೀವಿ.”

“ಅರ್ಧಕ್ಕೆ ನಿಲ್ಲಿಸಿದ್ರೆ?”

“ಇವರ ಎದೆ ಇರೋ ಸ್ಥಿತೀಲಿ ಇನ್ನೊಂದು ಸಲ ಮಲಗಿಸೋ ಧೈರ್ಯ ನನಗಿಲ್ಲ. ಇದೊಂದೇ ಅವಕಾಶ ಅಂದ್ಕೊಳ್ಳಿ.”

ಹಗ್ಗದಕ್ಕ ಕಾಗದಕ್ಕೆ ಸಹಿ ಹಾಕಿದಳು. ಪೆನ್ನು ಹಿಂದಕ್ಕೆ ಕೊಡುವಾಗ ಮೊದಲ ನೀರಿನ ಮಾತೆತ್ತಿದಳು.

“ಫೋಟೋ ತೆಗೆದು ತೋರಿಸ್ತೀವಮ್ಮ.”

“ಫೋಟೋದಲ್ಲಿರೋದು ಯಾರ ಎದೇದು ಅಂತ ಹೇಗೆ ಗೊತ್ತಾಗ್ಬೇಕು ಡಾಕ್ಟ್ರೇ?”

ಡಾಕ್ಟರಮ್ಮನಿಗೆ ಬೇರೆ ರೋಗಿಗಳಿದ್ದರು. ಎದ್ದು ಹೋದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಬುರುಡೆಯ ಗಾಲಿಮಂಚವನ್ನು ತಳ್ಳಿಕೊಂಡು ಹೋಗಲು ಬಂದ ಅಟೆಂಡರು ಹೊಸಬ. ಆಸ್ಪತ್ರೆಗೆ ಹೊಸಬನಲ್ಲ, ಈ ಥಿಯೇಟರಿಗೆ ಹೊಸಬ. ಇಲ್ಲಿನವನು ರಜೆ ಹಾಕಿದ್ದರಿಂದ ಮೂಳೆ ವಿಭಾಗದಿಂದ ಒಂದು ದಿನದ ಮಟ್ಟಿಗೆ ಕರೆಸಿಕೊಂಡಿದ್ದರು. ಮೂಳೆಯವರಲ್ಲಿ ರೋಗಿಯಿಂದ ಬಂದ ನೀರು ನೇರ ಮೋರಿಗೆ ಹೋಗುತ್ತದೆ, ಅದನ್ನು ಯಾರೂ ವಿಚಾರಿಸುವುದಿಲ್ಲ. ಈ ಒಂದು ಸಂಗತಿ ಯಾರಿಗಾದರೂ ಹೊಳೆದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಥಿಯೇಟರಿನ ಬಾಗಿಲ ಬಳಿ ಹಗ್ಗದಕ್ಕ ಅವನ ತೋಳು ಹಿಡಿದಳು. ಅವಳು ತೋಳು ಹಿಡಿದರೆ ಬಿಡಿಸಿಕೊಳ್ಳುವ ಯೋಚನೆ ಬರುವುದಿಲ್ಲ, ತೋಳಿನ ಯೋಚನೆ ಬರುತ್ತದೆ.

“ಅಣ್ಣಾ, ಒಂದು ಉಪಕಾರ ಮಾಡಿ. ಇವರಿಂದ ಬರೋ ಮೊದಲನೇ ನೀರನ್ನ ನನಗೆ ಒಂದ್ಸಲ ತೋರಿಸ್ಬಿಡಿ.”

“ಎಸೆಯೋ ನೀರು ಅಕ್ಕ ಅದು.”

“ಎಸೆಯೋ ಮುಂಚೆ ತೋರಿಸಿ.”

ಮಂಚದ ಮೇಲಿಂದ ಬುರುಡೆ ಕೈಯೆತ್ತಿದ. “ತೋರಿಸಪ್ಪ. ಇಲ್ದಿದ್ರೆ... ಒಳಗೇ ಬರ್ತಾಳೆ.”

ಬಾಗಿಲು ಮುಚ್ಚಿಕೊಂಡಿತು.

ಹೊರಗಿನ ಹಾದಿಯಲ್ಲಿ ಮೂರು ಸ್ಟೀಲಿನ ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರು. ಬಾಗಿಲ ಪಕ್ಕ ಗೋಡೆಗೆ ಒಂದು ಫೋನು, ಫೋನಿನ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಕಾವಲುಗಾರ. ಹಗ್ಗದಕ್ಕ ನಡುವಿನ ಕುರ್ಚಿಯಲ್ಲಿ ಕೂತಳು. ಅವನು ಒಳಗಿಳಿದಾಗ ಕೈಯಲ್ಲಿ ಏನೂ ಇಲ್ಲದೆ ಹೀಗೆ ಕೂತದ್ದು ಇದೇ ಮೊದಲು. ಕೈ ಎಲ್ಲಿಡಬೇಕು ಎಂದು ತಿಳಿಯದೆ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟು ಅದರ ಕಿವಿಗಳನ್ನು ಹಿಡಿದುಕೊಂಡಳು.

ಒಂಬತ್ತೂವರೆ ದಾಟಿದ ಮೇಲೆ ಅಟೆಂಡರು ಹಸಿರು ಬಟ್ಟೆ ಮುಚ್ಚಿದ್ದೊಂದನ್ನು ಎದೆಗವಚಿಕೊಂಡು ಹೊರಗೆ ಬಂದ. ಕಾವಲುಗಾರ ಆಗ ಲಿಫ್ಟಿನ ಬಳಿ ಯಾರಿಗೋ ದಾರಿ ಹೇಳುತ್ತಿದ್ದ.

“ಬೇಗ ನೋಡಿ ಅಕ್ಕ. ಮೊದಲನೇದನ್ನ ಪಕ್ಕಕ್ಕಿಟ್ಟಿದ್ದೆ, ಒಳಗೆ ಈಗ ಐದನೇದು ನಡೀತಿದೆ.”

ಗಾಜಿನ ಜಾಡಿ. ಪಕ್ಕದಲ್ಲಿ ಅಳತೆಯ ಗೆರೆಗಳು. ಒಳಗೆ ತುಸು ಹಳದಿಗೆ ತಿರುಗಿದ ಹಾಲಿನಂಥದ್ದು, ಕತ್ತಿನವರೆಗೂ. ಹಗ್ಗದಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡಳು. ಬೆಚ್ಚಗಿತ್ತು. ಮೆಲ್ಲಗೆ ಓರೆಮಾಡಿ ತಳ ನೋಡಿದಳು. ಬಿಳಿಯ ಗಸಿ ಎರಡು ಬೆರಳು ದಪ್ಪ ಕೂತಿತ್ತು, ಓರೆಮಾಡಿದರೂ ಕದಲಲಿಲ್ಲ. ಅವಳು ಸತ್ತ ಇಲಿ ನೋಡಿದ್ದಳು, ಪಾರಿವಾಳ ನೋಡಿದ್ದಳು, ಒಂದು ಸಲ ಒಬ್ಬರ ಟ್ಯಾಂಕಿನಲ್ಲಿ ಅವರೇ ಕಳೆದುಕೊಂಡಿದ್ದ ಗೋಡೆಗಡಿಯಾರ ಸಿಕ್ಕಿತ್ತು. ಮುಖ ಸಿಂಡರಿಸಿದವಳಲ್ಲ. ಈಗ ಜಾಡಿಯನ್ನು ಮೆಲ್ಲಗೆ ನೆಟ್ಟಗೆ ಮಾಡಿದಳು.

“ಇದನ್ನ ಇಟ್ಕೊಂಡು ಎರಡು ವರ್ಷ ನಗ್ತಾ ಇದ್ರಲ್ಲ,” ಎಂದಳು.

“ನೋಡಿದ್ರಲ್ಲ, ಕೊಡಿ.”

ಅವನು ಕೈ ಚಾಚುವಷ್ಟರಲ್ಲಿ ಹಾದಿಯ ತಿರುವಿನಲ್ಲಿ ಹೆಡ್‌ ನರ್ಸಿನ ಬೂಟಿನ ಸದ್ದು. ಅದೇ ಗಳಿಗೆಗೆ ಬಾಗಿಲು ಒಂದು ಗೇಣು ತೆರೆದು ಥಿಯೇಟರಿನ ಸಿಸ್ಟರು ಕೂಗಿದರು: “ಬೆಚ್ಚಗಿನ ಸಲೈನ್ ಮುಗೀತಾ ಬಂತು, ಮೇಲಿನ ಮಹಡಿಯಿಂದ ತಗೊಂಬನ್ನಿ. ಓಡಿ.” ಅಟೆಂಡರು ಎರಡೂ ಕಡೆ ನೋಡಿದ. ಜಾಡಿಯನ್ನು ಹಗ್ಗದಕ್ಕನ ಚೀಲದೊಳಗೆ ಇಳಿಸಿದ.

“ಬರುವಾಗ ತಗೊಂಡು ಹೋಗ್ತೀನಿ. ಯಾರಿಗೂ ತೋರಿಸ್ಬೇಡಿ ಅಕ್ಕ, ನನ್ನ ಕೆಲಸ ಹೋಗತ್ತೆ.”

“ಇಲ್ಲ. ಹೋಗಿ.”

ಅವನು ಮೆಟ್ಟಿಲ ಕಡೆ ಓಡಿದ. ಕಾವಲುಗಾರ ಬಂದು ಸ್ಟೂಲಿನ ಮೇಲೆ ಕೂತ. ಹೆಡ್‌ ನರ್ಸು ಬಂದು ಹೋದರು. ಹಗ್ಗದಕ್ಕನ ತೊಡೆಯ ಮೇಲೆ ಗಂಡನ ಎದೆಯ ಬಿಸಿ ಸ್ವಲ್ಪಸ್ವಲ್ಪವಾಗಿ ಆರುತ್ತಿತ್ತು.

ಹತ್ತು ನಿಮಿಷವಾಯಿತು. ಅಟೆಂಡರು ಬರಲಿಲ್ಲ. ಬಾಗಿಲು ಧಡಾರನೆ ತೆರೆದು ಸಿಸ್ಟರು ನೇರ ಗೋಡೆಯ ಫೋನಿಗೆ ಬಂದರು. ಮುಖಗವಸನ್ನು ಗಲ್ಲಕ್ಕೆ ಎಳೆದುಕೊಂಡರು.

“ಎಕ್ಸ್‌ರೇನಾ? ಥಿಯೇಟರಿಗೆ ಮೆಷಿನ್ ಕಳಿಸಿ, ಈಗಲೇ. ಶ್ವಾಸಕೋಶ ತೊಳೀತಿದ್ದಾರಲ್ಲ, ಆ ಕೇಸು. ಐದು ಲೀಟರ್ ಹೋಗಿದೆ, ನಾಲ್ಕೇ ಜಾಡಿ ಬಂದಿದೆ. ಹೂಂ, ಈಗ ತಾನೇ ಅಳೆದೆ, ಐದೈದಕ್ಕೆ ಒಂದು ಸಲ ಅಳೆಯೋದು. ಆಕ್ಸಿಜನ್ನೂ ಇಳೀತಿದೆ. ಆ ಕಡೆಗೆ ಸೋರಿರಬೇಕು. ಇಲ್ಲ, ಕಾಯಲ್ಲ, ನಿಲ್ಲಿಸ್ತಿದ್ದಾರೆ.”

ಫೋನಿಟ್ಟು ಒಳಗೆ ಹೋದರು. ಬಾಗಿಲು ಎರಡು ಸಲ ಅಲ್ಲಾಡಿ ನಿಂತಿತು.

ಹಗ್ಗದಕ್ಕ ಚೀಲದ ಕಡೆ ನೋಡಿದಳು. ಬಕೆಟ್ಟು ಎಣಿಸಿಯೇ ಕೂದಲು ನರೆತವಳಿಗೆ ಐದರಲ್ಲಿ ನಾಲ್ಕು ಕಳೆಯಲು ಹೊತ್ತು ಬೇಕಾಗಲಿಲ್ಲ. ಗಂಡನ ಎದೆಯಲ್ಲಿ ಹುಡುಕುತ್ತಿರುವ ಒಂದು ಲೀಟರು ತನ್ನ ಮಡಿಲಲ್ಲಿದೆ. ಅದು ಇಲ್ಲೇ ಕೂತಿದ್ದರೆ ಅಲ್ಲಿ ಕೊಳವೆ ಬಿಚ್ಚುತ್ತಾರೆ. ಬಿಚ್ಚಿದರೆ ಮತ್ತೆ ಹಾಕುವುದಿಲ್ಲ. ಅಟೆಂಡರಿಗೆ ಕೊಟ್ಟ ಮಾತು ಒಂದು ಸಲ ಅವಳ ಮುಂದೆ ಬಂದು ನಿಂತಿತು. ಅವಳು ಎದ್ದ ರಭಸಕ್ಕೆ ಅದು ಪಕ್ಕಕ್ಕೆ ಸರಿಯಿತು.

“ಎಲ್ಲಿಗಮ್ಮ?” ಕಾವಲುಗಾರ ಎದ್ದು ಅಡ್ಡ ನಿಂತ.

ಅವಳು ಜಾಡಿ ಹೊರತೆಗೆದಳು. “ಇದು ಒಳಗೆ ಹೋಗ್ಬೇಕು.”

“ಹಾಲು-ಗೀಲು ಎಲ್ಲ ಬಿಡಲ್ಲ. ಊಟ-ತಿಂಡಿ ವಾರ್ಡಿಗೆ ಬಂದ್ಮೇಲೆ ಕೊಡಿ.”

“ಇದು ಹಾಲಲ್ಲಪ್ಪ, ನನ್ನ ಗಂಡ.”

ಕಾವಲುಗಾರ ಜಾಡಿಯನ್ನೂ ಅವಳನ್ನೂ ನೋಡಿದ. “ಪಾಸ್ ಇದ್ಯಾ?” ಎಂದ.

ಅವಳು ತನ್ನನ್ನು ಎತ್ತಿ ಪಕ್ಕಕ್ಕಿಟ್ಟಳು ಎಂದು ಆಮೇಲೆ ಅವನು ಬರೆದುಕೊಟ್ಟ. ಅವನೇ ಸರಿದ ಎಂದು ಅವಳು ಹೇಳುತ್ತಾಳೆ. ಸ್ಟೂಲು ಮಾತ್ರ ಸಿಕ್ಕಿದ್ದು ಲಿಫ್ಟಿನ ಒಳಗೆ.

ಬಾಗಿಲಿನಾಚೆ ಕೈ ತೊಳೆಯುವ ತೊಟ್ಟಿಗಳ ಸಾಲು. ಅದರಾಚೆ ನೆಲದ ಮೇಲೆ ಅಂಗೈ ಅಗಲದ ಕೆಂಪು ಗೆರೆ. ಗೆರೆಯಾಚೆ ಥಿಯೇಟರಿನ ಗಾಜಿನ ಬಾಗಿಲು. ಹಗ್ಗದಕ್ಕ ಓಡುತ್ತಾ ಬಂದು ಕೆಂಪು ಗೆರೆಯ ಅಂಚಿಗೆ ಗಕ್ಕನೆ ನಿಂತಳು. ಟ್ಯಾಂಕಿಗೆ ಕಾಲು ತೊಳೆಯದೆ ಇಳಿದವರನ್ನು ಅವಳು ಎಂದೂ ಕ್ಷಮಿಸಿದವಳಲ್ಲ. ಗಾಜಿನಾಚೆ ಗಂಡನ ಪಾದಗಳು ಮಾತ್ರ ಕಾಣುತ್ತಿದ್ದವು. ತಲೆಯ ಬಳಿ ನಿಂತಿದ್ದ ಅರಿವಳಿಕೆ ಡಾಕ್ಟರು ಕೊಳವೆಗೆ ಅಂಟಿಸಿದ್ದ ಪಟ್ಟಿಯ ಒಂದು ಕೊನೆಯನ್ನು ಬಿಡಿಸಿದ್ದರು, ಇನ್ನೊಂದು ಕೊನೆಗೆ ಕೈ ಹಾಕುತ್ತಿದ್ದರು.

“ಐದನೇದು ಇಲ್ಲಿದೆ,” ಎಂದಳು ಹಗ್ಗದಕ್ಕ.

ಅದು ಇಪ್ಪತ್ತು ಅಡಿ ಆಳದ ಟ್ಯಾಂಕಿನ ತಳಕ್ಕೆ ಮುಟ್ಟಿಸಿ ಪಳಗಿದ ದನಿ. ಒಳಗಿದ್ದವರೆಲ್ಲರೂ ತಿರುಗಿದರು. ಪ್ರಜ್ಞೆ ಇದ್ದಿದ್ದರೆ ಬುರುಡೆಯೂ ತಿರುಗುತ್ತಿದ್ದ.

ಡಾಕ್ಟರಮ್ಮ ಬಾಗಿಲಿಗೆ ಬಂದರು. ಅವಳ ಕೈಯಲ್ಲಿದ್ದದ್ದನ್ನು ನೋಡಿ, ಹಿಂದಕ್ಕೆ ತಿರುಗದೆಯೇ ಹೇಳಿದರು: “ಪಟ್ಟಿ ಬಿಚ್ಚಬೇಡಿ.” ಆಮೇಲೆ ಇವಳಿಗೆ: “ಯಾರು ಕೊಟ್ರು ಇದನ್ನ?”

“ನಾನೇ ತಗೊಂಡೆ.”

“ಇಲ್ಲಿಗೆ ಬಂದು?”

“ಹೂಂ.”

“ಯಾರಿಗೂ ಕಾಣದ ಹಾಗೆ?”

ಡಾಕ್ಟರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು.

“ಬಗ್ಗಿಕೊಂಡು ಬಂದೆ,” ಎಂದಳು ಹಗ್ಗದಕ್ಕ.

ಸಿಸ್ಟರು ಜಾಡಿ ಕಸಿದುಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದರು. “ನಮ್ಮದೇ ಜಾಡಿ. ಒಂಬೈನೂರ ಮೂವತ್ತು. ಆ ನಾಲ್ಕು ಸೇರಿ ಮೂರು ಸಾವಿರದ ಏಳುನೂರ ಎಂಬತ್ತು.” ತುಟಿ ಅಲ್ಲಾಡಿತು. “ಒಟ್ಟು ನಾಲ್ಕು ಸಾವಿರದ ಏಳುನೂರ ಹತ್ತು. ಇನ್ನೂರ ತೊಂಬತ್ತು ಕಮ್ಮಿ, ಡಾಕ್ಟರ್.”

“ಅಷ್ಟು ಒಳಗೆ ಉಳಿಯೋದೇ.”

“ಆದ್ರೆ ಆಕ್ಸಿಜನ್ ಎಂಬತ್ತಮೂರಕ್ಕೆ ಬಂದಿದೆ,” ಎಂದರು ಅರಿವಳಿಕೆ ಡಾಕ್ಟರು ಒಳಗಿನಿಂದ. “ಅಳತೆ ಸರಿ ಇರಬಹುದು. ಇದು ಸರಿ ಇಲ್ಲ.”

ಹಗ್ಗದಕ್ಕನಿಗೆ ಗಾಜಿನಾಚೆ ಈಗ ಮೆಷಿನ್ನಿನ ಪರದೆ ಕಾಣಿಸಿತು. ನೀಲಿ ಅಂಕಿ, ಎಂಬತ್ತಮೂರು. ನೋಡುತ್ತಿದ್ದಂತೆ ಎಂಬತ್ತೆರಡಾಯಿತು. ಅದು ಏರಬೇಕೋ ಇಳಿಯಬೇಕೋ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಡಾಕ್ಟರಮ್ಮ ಒಳಗೆ ಹೋಗಿ ಶ್ವಾಸನಾಳ ನೋಡುವ ತೆಳು ದುರ್ಬೀನನ್ನು ಕೊಳವೆಯಲ್ಲಿ ಇಳಿಸಿದರು. ಎಂಬತ್ತೊಂದು.

“ಕೊಳವೆ ಜರುಗಿಲ್ಲ,” ಎಂದರು. “ಬಲಗಡೆ ಒಣಗಿಯೇ ಇದೆ. ನೀರು ಇಳಿಸಿದಾಗ ಆಕ್ಸಿಜನ್ ಇಳಿಯೋದು ಇದ್ದದ್ದೇ, ಈ ಸಲ ತಡ ಮಾಡಿದ್ದಕ್ಕೆ ಜಾಸ್ತಿ ಇಳಿದಿದೆ. ಮುಂದಿನ ಲೀಟರ್ ತುಂಬಿಸೋಣ. ತುಂಬಿದ ಹಾಗೆ ಏರಬೇಕು.”

“ಏರದಿದ್ರೆ?”

“ಏರದಿದ್ರೆ ನಿಲ್ಲಿಸೋಣ.”

ಇದ್ದ ಕೊನೆಯ ಬೆಚ್ಚಗಿನ ಬಾಟಲಿಯನ್ನು ಕೊಕ್ಕೆಗೆ ತಗುಲಿಸಿದರು. ನೀರು ಕೊಳವೆಯಲ್ಲಿ ಇಳಿಯತೊಡಗಿತು. ಕೆಂಪು ಗೆರೆಯ ಈಚೆ ನಿಂತ ಹೆಂಗಸನ್ನು ಹೊರಗೆ ಕಳಿಸಬೇಕೆನ್ನುವುದು ಯಾರ ನೆನಪಿಗೂ ಬರಲಿಲ್ಲ. ಅವಳು ಬಲ ಮುಂಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದಿದ್ದಳು. ಆ ಗುರುತು ಮೂರು ದಿನ ಹಾಗೇ ಇತ್ತು. ಎಂಬತ್ತೊಂದು. ಎಂಬತ್ತೊಂದು. ಎಂಬತ್ತು. ಬಾಟಲಿ ಕಾಲು ಖಾಲಿಯಾಯಿತು. ಎಂಬತ್ತು. ಅರ್ಧ ಖಾಲಿಯಾಯಿತು. ಎದೆ ತಟ್ಟುವವರು ಕೈ ಮೇಲೆತ್ತಿಕೊಂಡು ಕಾಯುತ್ತಿದ್ದರು. ಎಂಬತ್ತೆರಡು. ಹಗ್ಗದಕ್ಕ ಕಣ್ಣು ಮಿಟುಕಿಸಲಿಲ್ಲ, ಮಿಟುಕಿಸಿದರೆ ಇಳಿದುಬಿಡುತ್ತದೆ ಎಂಬಂತೆ. ಎಂಬತ್ತೈದು. ಎಂಬತ್ತೆಂಟು. ಬಾಟಲಿ ಪೂರ್ತಿ ಬರಿದಾದಾಗ ತೊಂಬತ್ತೆರಡು.

“ತಟ್ಟಿ,” ಎಂದರು ಡಾಕ್ಟರಮ್ಮ.

ಎದೆಯ ಮೇಲೆ ಅಂಗೈಗಳ ಸದ್ದು ಶುರುವಾಯಿತು. ಆಗ ಸಿಸ್ಟರಿಗೆ ನೆನಪಾಗಿ ಹಗ್ಗದಕ್ಕನನ್ನು ಹೊರಗೆ ಕಳಿಸಿದರು.

ಬಾಗಿಲಲ್ಲಿ ಅಟೆಂಡರು ಎದುರಾದ. ಎರಡೂ ಕೈಯಲ್ಲಿ ಬೆಚ್ಚಗಿನ ಬಾಟಲಿಗಳ ಬುಟ್ಟಿ, ಮುಖದಲ್ಲಿ ರಕ್ತ ಇಲ್ಲ. ಮೇಲೆ ಬೆಚ್ಚಗಿಡುವ ಬೀರುವಿನ ಬೀಗದ ಕೈ ಸಿಗದೆ ಅಲೆದಾಡಿ ಬಂದಿದ್ದ.

“ನಾನೇ ಎತ್ಕೊಂಡೆ ಅಂತ ಹೇಳಿದ್ದೀನಿ,” ಹಗ್ಗದಕ್ಕ ತಗ್ಗಿದ ದನಿಯಲ್ಲಿ ಹೇಳಿದಳು. “ನೀವು ಬೇರೆ ಕತೆ ಹೇಳ್ಬೇಡಿ.”

“ಏನಾಯ್ತು ಅಕ್ಕ?”

“ಅದು ಎಸೆಯೋ ನೀರಲ್ಲ ಅಣ್ಣ. ಎಣಿಸೋ ನೀರು.”

ಅವನು ಒಳಗೆ ಹೋಗಿ ಬುಟ್ಟಿ ಇಳಿಸಿದವನೇ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಜಾಡಿ ಕದಿಯಲು ಬಂದಷ್ಟು ಕೂಡ.

ಮಧ್ಯಾಹ್ನ ಎರಡರವರೆಗೆ ಬಾಗಿಲು ಏಳು ಸಲ ತೆರೆಯಿತು. ಏಳು ಸಲವೂ ಹಗ್ಗದಕ್ಕ ಎದ್ದಳು. ಕಾವಲುಗಾರ ಬೇರೆ ಸ್ಟೂಲು ತಂದು, ಈ ಸಲ ಹಾದಿಯ ಆ ಬದಿಗೆ ಹಾಕಿಕೊಂಡು ಕೂತಿದ್ದ. ಎಂಟನೆಯ ಸಲ ಡಾಕ್ಟರಮ್ಮನೇ ಬಂದರು. ಟೋಪಿ ತೆಗೆದಿದ್ದರು, ಹಣೆಯ ಮೇಲೆ ಅದರ ಪಟ್ಟಿಯ ಗುರುತು.

“ಹದಿನೇಳು ಲೀಟರ್ ಆಯ್ತಮ್ಮ. ಕೊನೇ ಎರಡು ಜಾಡಿ ತಿಳಿ ಬಂತು.”

ಹಗ್ಗದಕ್ಕ ಕುರ್ಚಿಯಲ್ಲಿ ಕೂತಳು. ಬೋಲ್ಟುಗಳು ಕಿರುಗುಟ್ಟಿದವು.

“ಸಂಜೆವರೆಗೂ ಮೆಷಿನ್ ಮೇಲೆ ಇಟ್ಟಿರ್ತೀವಿ. ಈಗ ಎಡಗಡೆ ಉಸಿರಾಡತ್ತಲ್ಲ, ಬಲಗಡೇದನ್ನ ಹದಿನೈದು ದಿನ ಬಿಟ್ಟು ತೊಳೀತೀವಿ.” ಡಾಕ್ಟರಮ್ಮ ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂತರು. “ಬಗ್ಗಿಕೊಂಡು ಬಂದೆ ಅಂದ್ರಿ.”

“ಹೂಂ.”

“ಅಟೆಂಡರೂ ಒಂದು ಕತೆ ಹೇಳಿದ್ರು. ಎರಡರಲ್ಲಿ ಅವರದೇ ನಂಬೋ ಹಾಗಿದೆ.”

“ಅವರ ಕೆಲಸ ತೆಗೀಬೇಡಿ ಡಾಕ್ಟ್ರೇ. ನಾನು ತೋಳು ಹಿಡಿದಿದ್ದೆ.”

“ತೋರಿಸಿದ್ರು, ಕಂದಿದೆ. ನಾಳೆಯಿಂದ ವಾಪಸ್ಸು ಮೂಳೆಗೆ ಹೋಗ್ತಾರೆ.” ಅವರು ಎದ್ದರು. “ನಿಮ್ಮ ತಪ್ಪಿಗೆ ಹನ್ನೆರಡು ನಿಮಿಷ ಹೋಯ್ತು. ಇನ್ನೆರಡು ಹೋಗಿದ್ರೆ ನಾನು ಇಲ್ಲಿ ಕೂತು ಬೇರೆ ಮಾತು ಹೇಳ್ತಿದ್ದೆ. ನೆನಪಿಟ್ಕೊಳ್ಳಿ.”

ಹಗ್ಗದಕ್ಕ ತಲೆಯಾಡಿಸಿದಳು.

ಮಾರನೆಯ ದಿನ ಬೆಳಿಗ್ಗೆ ಅವಳನ್ನು ಒಳಗೆ ಬಿಟ್ಟಾಗ ಬುರುಡೆ ಒರಗಿ ಕೂತಿದ್ದ. ಗಂಟಲ ಕೊಳವೆ ತೆಗೆದಿದ್ದರು, ದನಿ ಗರಗರ ಎನ್ನುತ್ತಿತ್ತು. ಸಿಸ್ಟರಿಂದ ಎಲ್ಲ ಸುದ್ದಿಯೂ ಅವನಿಗೆ ಮುಟ್ಟಿಯಾಗಿತ್ತು. ಪಕ್ಕದ ಮಂಚದ ಮುದುಕನಿಗೆ ಆಗಲೇ ಹೇಳುತ್ತಿದ್ದ.

“...ಇವಳೇ ನೋಡಿ ಯಜಮಾನ್ರೇ, ಕೈಯಲ್ಲಿ ಎರಡು ಜಾಡಿ, ಬಾಗಿಲಲ್ಲಿ ಮೂರು ಜನ ಕಾವಲು, ಒಬ್ಬನನ್ನ ಲಿಫ್ಟಿಗೆ ತಳ್ಳಿ ಬಟನ್ ಒತ್ತಿದಳು, ಒಬ್ಬ ಕಿಟಕಿಯಿಂದ ಹೋದ, ಇನ್ನೊಬ್ಬ ಇವತ್ತಿನವರೆಗೂ ಸಿಕ್ಕಿಲ್ಲ, ಡಾಕ್ಟರಮ್ಮನೇ ಎದ್ದು ನಿಂತು ಕುರ್ಚಿ ಕೊಟ್ರಂತೆ...”

ಹಗ್ಗದಕ್ಕ ಮಂಚದ ಪಕ್ಕ ನಿಂತು ಅವನ ಎದೆಯನ್ನೇ ನೋಡುತ್ತಿದ್ದಳು. ಎರಡನೆಯ ಕಾವಲುಗಾರ ಕಿಟಕಿ ದಾಟಿ ಮೂರನೆಯವನು ಕಾಣೆಯಾಗುವವರೆಗೆ ಅವನು ಉಸಿರು ತೆಗೆದುಕೊಂಡದ್ದು ಒಂದೇ ಸಲ. ಜಾಡಿ ಎರಡಲ್ಲ ಎನ್ನಲು ಅವಳ ಬಾಯಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು.

ಸಿಸ್ಟರು ಹಿಂದಿನಿಂದ ಬಂದರು. “ಅವರನ್ನ ಮಾತಾಡಿಸಬೇಡಿ ಅಮ್ಮ, ಸುಸ್ತಾಗತ್ತೆ.”

“ನಾನೆಲ್ಲಿ ಮಾತಾಡಿಸ್ತಿದ್ದೀನಿ ಸಿಸ್ಟರ್,” ಎಂದಳು ಹಗ್ಗದಕ್ಕ, ಕಣ್ಣು ಕೀಳದೆ. “ಹೇಳ್ರೀ. ಆಮೇಲೆ?”